ಸೋರದ ಮುಚ್ಚಳ

ಕೆಲವರ ಕತೆಯನ್ನು ಹುಟ್ಟಿನಿಂದ ಶುರು ಮಾಡುತ್ತಾರೆ, ಕೆಲವರದನ್ನು ಮದುವೆಯಿಂದ. ತಗಡಕ್ಕನ ಕತೆಯನ್ನು ಮಾತ್ರ ತೂತಿನಿಂದಲೇ ಶುರು ಮಾಡಬೇಕು.

ತೂತು ಇದ್ದದ್ದು ಒಂದು ಎಣ್ಣೆ ಡಬ್ಬದ ತಳದಲ್ಲಿ. ಆಗ ಅವಳಿಗೆ ತಗಡಕ್ಕ ಅನ್ನುವ ಹೆಸರಿರಲಿಲ್ಲ, ಎರಡು ಜಡೆಯ ಹುಡುಗಿ. ಅಪ್ಪ ತಗಡಿನ ಕೆಲಸದವನು. ಬಕೆಟ್ಟು, ಡಬ್ಬ, ಲಾಳಿಕೆ, ದೀಪದ ಬುಡ್ಡಿ ಮಾಡುವುದು, ಹಳೆಯದು ಸೋರಿದರೆ ಬೆಸುಗೆ ಹಾಕುವುದು. ಅವನು ಊಟಕ್ಕೆ ಎದ್ದು ಹೋದ ಹೊತ್ತಿಗೆ ಹುಡುಗಿ ಬೆಸುಗೆ ಕೋಲು ಕಾಯಿಸಿ ಆ ಡಬ್ಬದ ತೂತು ಮುಚ್ಚಿಬಿಟ್ಟಳು. ಅಪ್ಪ ಬಂದ, ನೋಡಿದ, ಬೈಯಲಿಲ್ಲ. ಡಬ್ಬಕ್ಕೆ ನೀರು ತುಂಬಿ ಹೊಸ್ತಿಲ ಹತ್ತಿರದ ಒಣ ಕಲ್ಲಿನ ಮೇಲಿಟ್ಟ. ಪಕ್ಕದಲ್ಲಿ ಕೂತು ಒಂದು ಬೀಡಿ ಸೇದಿ ಮುಗಿಸಿದ. ಆಮೇಲೆ ಡಬ್ಬ ಎತ್ತಿ ಕಲ್ಲಿನ ಮೇಲೆ ಅಂಗೈ ಸವರಿದ. ಕಲ್ಲು ಒಣಗಿಯೇ ಇತ್ತು.

“ನಿನ್ನ ಕೈ ಸೋರಲ್ಲ ಕಣೇ” ಅಂದ.

ಅಷ್ಟೇ. ಹೊಗಳುವುದರಲ್ಲಿ ಅವನು ಮಹಾ ಜಿಪುಣ. ಆದರೆ ಆ ಒಂದು ಮಾತನ್ನು ಹುಡುಗಿ ಗಂಟು ಕಟ್ಟಿ ಇಟ್ಟುಕೊಂಡಳು. ಅಪ್ಪ ಹೋದ, ಅಂಗಡಿ ಅವಳದಾಯಿತು. ಗಂಡ ಬಂದ, ಮಾಡಿದ ಸಾಮಾನನ್ನು ಸೈಕಲ್ಲಿಗೆ ಗೊಂಚಲು ಗೊಂಚಲಾಗಿ ಕಟ್ಟಿಕೊಂಡು ಬೀದಿ ಬೀದಿ ಕೂಗಿ ಮಾರುತ್ತಿದ್ದ ನಗುಮುಖದ ಮನುಷ್ಯ. ಅವನೂ ಒಂದು ಜ್ವರದಲ್ಲಿ ಹೋಗಿಬಿಟ್ಟ. ಮಗಳನ್ನು ಮಡಿಲಲ್ಲಿ ಹಾಕಿಕೊಂಡು, ಒಂದು ಕಾಲಲ್ಲಿ ತಗಡು ಅದುಮಿ ಹಿಡಿದು, ಮರದ ಕೊಡತಿಯಿಂದ ಬಡಿದು ಬಡಿದು ಬದುಕು ಕಟ್ಟಿದಳು. ಹೊಸ ಬಕೆಟ್ಟಾಗಲಿ, ಹಳೆಯ ಡಬ್ಬವಾಗಲಿ, ನೀರು ತುಂಬಿ ಒಣ ಕಲ್ಲಿನ ಮೇಲಿಡದೆ ಗಿರಾಕಿಗೆ ಕೊಟ್ಟವಳಲ್ಲ. ಬೀಡಿ ಸೇದುವವಳಲ್ಲವಾದ್ದರಿಂದ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಕಾಯುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಗುಟ್ಟು ಹೇಳುವಾಗ “ತಗಡಕ್ಕನ ಬಕೆಟ್ಟಿನ ಹಾಗಿರು ಮತ್ತೆ” ಅನ್ನುತ್ತಿದ್ದರು. ಸೋರಬೇಡ ಅಂತ ಅರ್ಥ.

ಆಮೇಲೆ ಬಂತು ನೋಡಿ, ಪ್ಲಾಸ್ಟಿಕ್ಕು.

ಕೆಂಪು, ನೀಲಿ, ಹಳದಿ. ಹಗುರ. ಬಿದ್ದರೆ ಸದ್ದಿಲ್ಲ, ತುಕ್ಕಿಲ್ಲ. ತಗಡಿನ ಬಕೆಟ್ಟುಗಳು ಒಂದೊಂದಾಗಿ ಹಿತ್ತಲು ಸೇರಿ ಗಿಡದ ಕುಂಡಗಳಾದವು. ಹೊರಗಿನವರು ಪ್ಲಾಸ್ಟಿಕ್ ಮಾರಿದ್ದರೆ ತಗಡಕ್ಕ ಬೈದು ಸುಮ್ಮನಾಗುತ್ತಿದ್ದಳೇನೋ. ಆದರೆ ಎದುರು ಸಾಲಿನಲ್ಲಿ, ತನ್ನ ಅಂಗಡಿಗೆ ನೇರ ಮುಖ ಮಾಡಿ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ ತೆಗೆದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ.

ಜಗಳ ಆಡಿ ಬೇರೆಯಾದವರಲ್ಲ ಇವರು. ಒಂದೇ ಮನೆ, ಒಂದೇ ಒಲೆ. ಬಚ್ಚಲಲ್ಲಿ ಮಾತ್ರ ಎರಡು ಬಕೆಟ್ಟು: ಅಮ್ಮನದು ತಗಡಿನದು, ಮಗಳದು ಗುಲಾಬಿ ಬಣ್ಣದ್ದು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಟೀ ಕುಡಿದು, ಒಬ್ಬಳು ರಸ್ತೆಯ ಈ ಬದಿ, ಇನ್ನೊಬ್ಬಳು ಆ ಬದಿ ಬಾಗಿಲು ತೆಗೆಯುವರು. ಮಗಳು ದಿನಕ್ಕೆ ಹತ್ತು ಸಲ ಈಚೆ ಬಂದುಹೋಗುವಳು. ತಾಯಿ ಒಂದು ದಿನವೂ ಆಚೆ ಹೋದವಳಲ್ಲ. “ಆ ಅಂಗಡಿ ಮೆಟ್ಟಿಲು ಹತ್ತಿದ ದಿನ ನನ್ನ ಕೊಡತಿ ಒಲೆಗೆ ಹಾಕಿ” ಅಂದಿದ್ದಳು.

“ಅಮ್ಮಂದು ಹಟ” ಅಂತ ಮಗಳು ಬಂದವರಿಗೆಲ್ಲ ಹೇಳುವಳು.

“ಹಟ ಅಲ್ಲ, ಛಲ” ಅಂತ ಅಮ್ಮ ಈಚೆಯಿಂದಲೇ ಕೂಗುವಳು.

ಹೀಗಿರುವಾಗ ಒಂದು ದಿನ ಸ್ಕೂಲಿನ ವಿಜ್ಞಾನದ ಮೇಡಂ ಕೈಚೀಲ ಹಿಡಿದು ತಗಡಕ್ಕನ ಅಂಗಡಿಗೆ ಬಂದರು. ಚೀಲದಿಂದ ಜಜ್ಜಿಹೋದ ಒಂದು ದುಂಡು ತಗಡಿನ ಮುಚ್ಚಳ ತೆಗೆದರು. ನಡುವೆ ಹಿಡಿ ಇದ್ದ ಗುರುತು ಮಾತ್ರ ಇತ್ತು. ಹಿಡಿ ಯಾವ ಕಾಲದಲ್ಲೋ ಕಳಚಿ ಕಳೆದುಹೋಗಿತ್ತು.

“ಇಂಥವು ಒಂದಷ್ಟು ಮಾಡಿಕೊಡ್ತೀರಾ ಅಮ್ಮಾ? ಇದರಲ್ಲಿ ಕಿಡಿ ಬರಿಸಬಹುದು. ಒಂದೇ ಇದ್ರೆ ನಾನು ಮಾಡಿ ತೋರಿಸಬೇಕು, ಮಕ್ಕಳು ದೂರದಿಂದ ನೋಡಬೇಕು. ನನಗೆ ಪ್ರತಿ ಬೆಂಚಿಗೂ ಒಂದೊಂದು ಬೇಕು.”

“ಮುಚ್ಚಳದಲ್ಲಿ ಕಿಡಿಯಾ? ಬೆಂಕಿಪೊಟ್ಟಣ ಒಳಗಿಡ್ತೀರೇನು?”

ಮೇಡಂ ನಕ್ಕರು. “ಬೆಂಕಿಪೊಟ್ಟಣ ಬೇಡ. ಕೆಳಗೆ ಇಡೋ ಪ್ಲಾಸ್ಟಿಕ್ ಹಲಗೆ ನಮ್ಮ ಹತ್ರ ಇದೆ. ನಿಮ್ಮದು ಮುಚ್ಚಳ ಮಾತ್ರ. ಮತ್ತೆ ಹಿಡಿ ಗಟ್ಟಿಯಾಗಿರಲಿ ಅಮ್ಮಾ, ಮಕ್ಕಳು ಎಳೆದಾಡ್ತಾರೆ.”

ಇಲ್ಲೇ ಆದದ್ದು ಎಡವಟ್ಟು. ಹಿಡಿ ಯಾವುದರಿಂದ ಮಾಡಿದ್ದಿರಬೇಕು ಅಂತ ಮೇಡಂ ಹೇಳಲಿಲ್ಲ. ಕಿಡಿಯ ಪಾಠ ಮಾಡುವವರಿಗೆ ಅದು ಹೇಳಬೇಕಾದ ಮಾತು ಅಂತಲೇ ಅನಿಸಲಿಲ್ಲ. ತಗಡಕ್ಕ ಕೇಳಲಿಲ್ಲ, ತಗಡಿನ ಕೆಲಸದವಳಿಗೆ ಹಿಡಿ ಅಂದರೆ ತಗಡಿನದೇ. ಒಂದೇ ಪದ, ಇಬ್ಬರ ಬಾಯಲ್ಲಿ ಎರಡು ಸಾಮಾನು.

ತಗಡಕ್ಕ ಎಷ್ಟೋ ದಿನದ ಮೇಲೆ ಹಾಡಿಕೊಂಡು ಕೆಲಸ ಮಾಡಿದಳು. ತಗಡು ದುಂಡಗೆ ಕತ್ತರಿಸಿ, ಅಡಿಗಲ್ಲಿನ ಮೇಲಿಟ್ಟು ಚಪ್ಪಟೆ ಬಡಿದು, ಎರಡು ಪದರದ ಪಟ್ಟಿಯನ್ನು ಬಾಗಿಸಿ ಹಿಡಿ ಮಾಡಿ, ಎರಡೂ ತುದಿಗೆ ರಿವೆಟ್ ಹೊಡೆದಳು. ಆನೆ ಎಳೆದರೂ ಬರದ ಹಿಡಿ! ಮೇಡಂ ಬಂದು ತೆಗೆದುಕೊಂಡು ಹೋದರು. ಮಾರನೆಯ ದಿನವೇ ಮುಚ್ಚಳಗಳ ಜೊತೆಗೆ ವಾಪಸ್ ಬಂದರು. ಮುಖ ಬಾಡಿತ್ತು.

“ಕಿಡಿ ಬರ್ಲಿಲ್ಲ ಅಮ್ಮಾ. ತಪ್ಪು ನಂದೇ, ನಾನು ಸರಿಯಾಗಿ ಹೇಳ್ಲಿಲ್ಲ. ಎಲ್ಲಾ ಸೋರಿಹೋಗ್ತಿದೆ.”

ತಗಡಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. “ಏನಂದ್ರಿ?”

“ಸೋರ್ತಿದೆ.”

“ಮುಚ್ಚಳದಲ್ಲಿ ನೀರೇ ಇಲ್ಲ, ಸೋರೋದೇನು ಮೇಡಂ? ಎಲ್ಲಿದೆ ತೂತು? ತೋರಿಸಿ.”

ಮೇಡಂ ಅಲ್ಲೇ ನೆಲದ ಮೇಲೆ ಕೂತರು. ಚೀಲದಿಂದ ಪ್ಲಾಸ್ಟಿಕ್ ಹಲಗೆ ತೆಗೆದು ಉಣ್ಣೆ ಬಟ್ಟೆಯಿಂದ ಗಸಗಸ ಉಜ್ಜಿದರು. “ನೋಡಿ, ಈಗ ಹಲಗೆ ಮೇಲೆ ವಿದ್ಯುತ್ತು ಕೂತಿದೆ. ಇದನ್ನ ಋಣ ಅಂತೀವಿ. ಇದರ ಮೇಲೆ ಮುಚ್ಚಳ ಇಟ್ರೆ, ಹಲಗೇಲಿರೋದು ತಗಡಿಗೆ ಹತ್ತಲ್ಲ. ಅದು ಕೂತಲ್ಲೇ ಕೂತಿರುತ್ತೆ. ಆದ್ರೆ ತಗಡಿನ ಒಳಗೂ ಋಣ ಇದೆ, ಅದಕ್ಕೆ ಎದುರಾದ ಧನಾನೂ ಇದೆ. ಋಣ ಕಂಡ್ರೆ ಋಣಕ್ಕೆ ಆಗಲ್ಲ. ತಗಡಿನ ಋಣ ಎಲ್ಲಾ ಹೆದರಿ ಮೇಲುಗಡೆಗೆ ಓಡುತ್ತೆ.”

ತಗಡಕ್ಕ ಒಂದು ಗಳಿಗೆ ಯೋಚಿಸಿದಳು. “ಅತ್ತೆ ಮುಂಬಾಗಿಲಿಗೆ ಬಂದು ಕೂತಳು ಅಂತ ಸೊಸೆ ಹಿತ್ತಲ ಕಡೆ ಓಡಿದ ಹಾಗೆ.”

“ಹಾಂ! ಹಾಗೇ ಇಟ್ಕೊಳ್ಳಿ. ಈಗ ನಾನು ಮುಚ್ಚಳದ ಮೇಲೆ ಬೆರಳು ಮುಟ್ಟಿಸಿದ್ರೆ—”

“ಹಿತ್ತಲ ಬಾಗಿಲು ತೆಗೆದ್ರಿ. ಸೊಸೆ ಊರು ಬಿಟ್ಟೇ ಹೋದ್ಲು.”

“ನನ್ನ ಮೈಯಿಂದ ಇಳಿದು ನೆಲಕ್ಕೆ ಹೋದ್ಲು. ಆಮೇಲೆ ಬೆರಳು ತೆಗೀಬೇಕು. ಆಮೇಲೆ ಮುಚ್ಚಳ ಎತ್ತಬೇಕು. ಒಳಗೆ ಧನ ಒಂದೇ ಉಳ್ಕೊಂಡಿರುತ್ತೆ. ಅದಕ್ಕೇ ಕಿಡಿ ಹಾರೋದು.”

“ಅತ್ತೆ ಏಳೋಕೆ ಮುಂಚೆ ಹಿತ್ತಲ ಬಾಗಿಲು ಹಾಕಬೇಕು ಅನ್ನಿ. ಇಲ್ಲಾಂದ್ರೆ ಸೊಸೆ ತಿರುಗಿ ಬಂದು ಸಂಸಾರ ಮಾಡ್ತಾಳೆ, ಕಿಡಿ ಎಲ್ಲಿಂದ ಹಾರಬೇಕು?” ಅಂದಳು ತಗಡಕ್ಕ. ಅಂದವಳು ಅಲ್ಲೇ ತಡೆದಳು. ತಾನು ಮಾಡಿದ ಮುಚ್ಚಳ ಎತ್ತಿಕೊಂಡು ಹಿಡಿಯನ್ನೇ ದಿಟ್ಟಿಸಿದಳು. ತಗಡಿನ ಹಿಡಿ, ತಗಡಿಗೇ ಹೊಡೆದ ರಿವೆಟ್ಟು, ಅದನ್ನು ಹಿಡಿದ ಕೈ, ಕೈಯ ಕೆಳಗೆ ಮೈ, ಮೈಯ ಕೆಳಗೆ ನೆಲ.

“ಓಹೋ” ಅಂದಳು ನಿಧಾನವಾಗಿ. “ಹಿತ್ತಲ ಬಾಗಿಲು ಹಾಕೋಕೇ ಬರದ ಹಾಗೆ ನಾನೇ ರಿವೆಟ್ ಹೊಡೆದಿದ್ದೀನಿ. ಬೇಲಿಯೇ ಎದ್ದು ಹೊಲ ಮೇಯ್ತಂತೆ. ಹಿಡಿಯೇ ತೂತು.”

“ಹೌದಮ್ಮಾ. ಎತ್ತೋವಾಗ ನಿಮ್ಮ ಕೈಯಲ್ಲೇ ಸೋರಿಹೋಗುತ್ತೆ.”

ಪಾಪ, ಮೇಡಂ ಪಾಠದ ಮಾತಾಗಿ ಹೇಳಿದ್ದು. ಆದರೆ ತಗಡಕ್ಕನಿಗೆ ಅದು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅಪ್ಪ ಒಣ ಕಲ್ಲು ಸವರಿ ಹೇಳಿದ ಮಾತನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವಳಿಗೆ, ಈಗ ಕೈಯಲ್ಲೇ ಸೋರುತ್ತದಂತೆ.

“ಬಿಟ್ಟುಹೋಗಿ ಮೇಡಂ. ಮುಚ್ಚಳಾನೂ, ಹಲಗೇನೂ. ಸೋಮವಾರ ಬನ್ನಿ.”

ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳು, ಮೇಡಂ ಹೋದ ಮೇಲೆ ಒಳಗೆ ಬಂದಳು. ಎಷ್ಟೋ ದಿನದಿಂದ ನಾಲಿಗೆ ತುದಿಯಲ್ಲಿದ್ದ ಮಾತು ಆಗ ಆಡಿದಳು. “ಅಮ್ಮಾ, ಸಾಕು. ಬೆನ್ನು ನೋವು ಅಂತೀಯ. ಬಂದ ಒಂದು ಕೆಲಸಾನೂ ವಾಪಸ್ ಬಂತು. ಬಾಗಿಲು ಹಾಕು. ಈ ಜಾಗದಲ್ಲಿ ನಾನು ಸಾಮಾನು ಇಟ್ಕೊತೀನಿ. ನೀನು ಆರಾಮಾಗಿ ಕೂತ್ಕೋ.”

“ಆಯ್ತು.”

ಇಷ್ಟು ಸುಲಭಕ್ಕೆ ‘ಆಯ್ತು’ ಬರುತ್ತದೆಂದು ಮಗಳು ಎಣಿಸಿರಲಿಲ್ಲ. ಗಾಬರಿಯಾದಳು.

“ಆಯ್ತು ಅಂದೆ. ಭಾನುವಾರ ಗುಜರಿಯವನು ಬರ್ತಾನಲ್ಲ, ಅಷ್ಟರಲ್ಲಿ ಈ ಮುಚ್ಚಳ ಸೋರೋದು ನಿಲ್ಲಿಸ್ತೀನಿ. ಆಗ್ಲಿಲ್ಲವಾ, ಅಡಿಗಲ್ಲು ನಾನೇ ಎತ್ತಿ ಅವನ ಗಾಡಿಗೆ ಹಾಕ್ತೀನಿ. ನೀನು ಇಲ್ಲಿ ಗುಲಾಬಿ ಬಕೆಟ್ಟು ಜೋಡಿಸ್ಕೋ.”

ಅಡಿಗಲ್ಲು ಅಂದರೆ ತಗಡನ್ನು ಮೇಲಿಟ್ಟು ಬಡಿಯುವ ಕಬ್ಬಿಣದ ದಿಮ್ಮಿ. ಅಪ್ಪನ ಕಾಲದ್ದು. ಒಂದು ಬದಿಯ ಅಂಚು ಸವೆದು ನುಣ್ಣಗೆ ತಗ್ಗಾಗಿತ್ತು. ಗುಜರಿಯವನು ಅದರ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ. “ಅಕ್ಕಾ, ನಿಮಗಿಂತ ಅದು ದಣಿದಿದೆ, ಕಳಿಸಿಕೊಡಿ” ಅಂತ ವಾರವಾರವೂ ಚೇಷ್ಟೆ ಮಾಡುವನು. ಸುದ್ದಿ ಅವನ ಕಿವಿಗೂ ಬಿತ್ತು.

ತಗಡಕ್ಕ ಕೆಲಸಕ್ಕೆ ಕೂತಳು. ಮೊದಲು ಒಂದು ಮುಚ್ಚಳದ ರಿವೆಟ್ಟುಗಳನ್ನು ಉಳಿ ಇಟ್ಟು ಕಡಿದಳು. ತನ್ನ ಕೈಯಾರೆ ಹೊಡೆದ ರಿವೆಟ್ಟು ಕಡಿಯುವುದು ಹೆತ್ತ ಮಗುವಿನ ಕಿವಿ ಹಿಂಡಿದ ಹಾಗೆ, ಆದರೂ ಕಡಿದಳು. ತೂತುಗಳಿಗೆ ಬೆಸುಗೆ ತುಂಬಿ, ಅರದಿಂದ ಉಜ್ಜಿ ನುಣ್ಣಗೆ ಮಾಡಿದಳು. ಮರದ ಹಿಡಿ ಹಾಕಿದಳು, ಹಳೆಯ ಸುತ್ತಿಗೆಯ ಕಾವು ಕೊಯ್ದು. ಹಲಗೆ ಉಜ್ಜಿದಳು, ಮುಚ್ಚಳ ಇಟ್ಟಳು, ಬೆರಳು ಮುಟ್ಟಿಸಿದಳು, ತೆಗೆದಳು, ಎತ್ತಿದಳು, ಇನ್ನೊಂದು ಕೈಯ ಗೆಣ್ಣು ಹತ್ತಿರ ತಂದಳು.

ಏನೂ ಇಲ್ಲ.

ಮತ್ತೆ ಮಾಡಿದಳು. ಈ ಸಲ ಇರುವೆ ಕಚ್ಚಿತೋ ಇಲ್ಲವೋ ಅನ್ನುವಷ್ಟು ಒಂದು ಚಿಟ್. ಅದೂ ಬೇಗ ಬೇಗ ಮಾಡಿದ್ದಕ್ಕೆ. ಸ್ವಲ್ಪ ತಡೆದರೆ ಅದೂ ಇಲ್ಲ. ವರ್ಷಗಟ್ಟಲೆ ಬೆವರು ಕುಡಿದ ಮರ ಅದು, ಮೆಲ್ಲಗೆ ಸೋರಿಸುತ್ತಿತ್ತು. “ಬಾಗಿಲು ಹಾಕಿದೆ, ಸಂದಿ ಇದೆ” ಅಂದುಕೊಂಡಳು. ಮರವನ್ನು ಬಿಸಿಲಿಗಿಟ್ಟು ಒಣಗಿಸಿದಳು. ಮೇಣ ಸವರಿದಳು. ಚಿಟ್ ಸ್ವಲ್ಪ ದೊಡ್ಡದಾಯಿತು. ಆದರೂ ತಡೆದರೆ ಮಾಯ.

ಇನ್ನೆಲ್ಲಿ ಸೋರುತ್ತಿದೆ? ಸೋರುವ ಪಾತ್ರೆಯನ್ನು ನೋಡುವವಳ ಹಾಗೆ ಮುಚ್ಚಳದ ಸುತ್ತ ಬೆರಳಾಡಿಸಿದಳು. ಅಂಚು ಚುಚ್ಚಿತು. ಕತ್ತರಿಸಿದ ಅಂಚಿನಲ್ಲಿ ಸಣ್ಣ ಸಣ್ಣ ಮುಳ್ಳು. ರಸ್ತೆಯಲ್ಲಿ ಹೋಗುತ್ತಿದ್ದ ಮೇಡಂ ಅನ್ನು ಕೂಗಿ ಕರೆದು ಕೇಳಿದಳು, “ಮೇಡಂ, ಚೂಪು ಇದ್ರೆ ಸೋರುತ್ತಾ?”

“ಸೋರುತ್ತಮ್ಮಾ! ಚೂಪಾದ ತುದೀಲಿ ವಿದ್ಯುತ್ತು ಒತ್ತಾಗಿ ಸೇರುತ್ತೆ, ಗಾಳಿಗೆ ಹಾರಿಹೋಗುತ್ತೆ. ಅದನ್ನೂ ಹೇಳೋದು ಮರೆತಿದ್ದೆ ನೋಡಿ.”

“ಪಾಠ ಕಂತಿನಲ್ಲಿ ಬರ್ತಾ ಇದೆ ನಂಗೆ” ಅಂದು ತಗಡಕ್ಕ ಒಳಗೆ ಹೋದಳು. ಅಂಚು ಮಡಿಸುವುದು ಅವಳ ಎಡಗೈ ಕೆಲಸ. ಅಡಿಗಲ್ಲಿನ ತಗ್ಗಿಗೆ ತಗಡಿನ ಅಂಚು ಕೊಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ತಿರುಗಿಸಿದರೆ, ಅಂಚು ಸುರುಳಿ ಸುತ್ತಿಕೊಂಡು ಬಳೆಯ ಹಾಗೆ ನುಣ್ಣಗಾಗುತ್ತದೆ. ಕಿಡಿ ಇನ್ನಷ್ಟು ಬಲಿಯಿತು. ಈಗ ಉಳಿದ ತೂತು ಒಂದೇ. ಹಿಡಿ.

ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡಿಕೊಂಡೇ ಅಂದಳು, “ಪ್ಲಾಸ್ಟಿಕ್ ಹಿಡಿ ಹಾಕಿ ನೋಡಬಹುದಿತ್ತು.”

“ನನ್ನ ತಗಡಿಗೆ ಪ್ಲಾಸ್ಟಿಕ್ಕಾ? ಅದಕ್ಕಿಂತ ಗುಜರಿಯವನ ಗಾಡಿಯೇ ವಾಸಿ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ನಾನು ಕುಣಿದೇ ನಿನ್ನ ಸಾಕಿದ್ದು. ಮುಚ್ಕೊಂಡು ಉಣ್ಣು.”

ಭಾನುವಾರ ಬೆಳಿಗ್ಗೆ ಗುಜರಿಯವನು ಗಾಡಿ ತಂದು ಬಾಗಿಲಿಗೇ ನಿಲ್ಲಿಸಿದ. ಅಡಿಗಲ್ಲು ಎತ್ತಲು ಹಗ್ಗವನ್ನೂ ತಂದಿದ್ದ. “ಏನಕ್ಕಾ, ಕಟ್ಟಲಾ?”

“ಕೂತ್ಕೋ. ಬಾಯಿಗೆ ಕಟ್ಕೋ ಮೊದಲು.”

ತಗಡಕ್ಕ ಮುಚ್ಚಳ ಹಿಡಿದು ಕೂತಿದ್ದಳು. ಇನ್ನೊಮ್ಮೆ ಎತ್ತಿದಳು, ಚಿಟ್. ಎತ್ತಿ ತಡೆದಳು, ಇಲ್ಲ. ಹಲಗೆಯನ್ನು ಉಜ್ಜಲೆಂದು ಉಣ್ಣೆ ಬಟ್ಟೆ ತೆಗೆದುಕೊಂಡವಳಿಗೆ ಒಂದು ಅನುಮಾನ ಬಂತು. ಉಜ್ಜದೆ ಹಾಗೇ ಮುಚ್ಚಳ ಇಟ್ಟು, ಬೆರಳು ಮುಟ್ಟಿಸಿ ತೆಗೆದು, ಎತ್ತಿ ನೋಡಿದಳು. ಚಿಟ್! ಮತ್ತೆ ಹಾಗೇ. ಚಿಟ್! ಆಗ ಹೊಳೆಯಿತು. ಬೆಳಿಗ್ಗೆ ಒಂದೇ ಸಲ ಉಜ್ಜಿದ್ದು. ಮುಚ್ಚಳ ಎತ್ತಿ ಎತ್ತಿ ಇಟ್ಟರೂ ಹಲಗೆಯಲ್ಲಿ ಕೂತದ್ದು ಕೂತೇ ಇದೆ. ಮರ ಸೋರಿತು, ಅಂಚು ಸೋರಿತು, ತನ್ನ ಕೈ ಸೋರಿತು. ಇಡೀ ಅಂಗಡಿಯಲ್ಲಿ ಸೋರದೆ ಉಳಿದದ್ದು ಒಂದೇ ಒಂದು ವಸ್ತು. ಅದು ಪ್ಲಾಸ್ಟಿಕ್ಕು.

ಜನ್ಮವಿಡೀ ಸೋರದ್ದನ್ನು ಮೆಚ್ಚಿದವಳು ಇದನ್ನು ಹೇಗೆ ಮೆಚ್ಚದೆ ಇರುವುದು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ತಗಡಕ್ಕ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡಳು. ಮುಚ್ಚಳವನ್ನೂ ಹಲಗೆಯನ್ನೂ ಕಂಕುಳಲ್ಲಿ ಇರುಕಿಕೊಂಡು ರಸ್ತೆ ದಾಟತೊಡಗಿದಳು. ಅದನ್ನೇ ನೋಡುತ್ತ ಬೀದಿಯ ಟೀ ಅಂಗಡಿಯವನು ಸುರಿಯುತ್ತಿದ್ದ ಟೀ ಲೋಟ ತುಂಬಿ ಚೆಲ್ಲಿತು. ಗುಜರಿಯವನು ಹಗ್ಗ ಹಿಡಿದುಕೊಂಡೇ ಹಿಂದೆ ಬಂದ. ತಗಡಕ್ಕ ಯಾರ ಕಡೆಗೂ ನೋಡದೆ ಮಗಳ ಅಂಗಡಿಯ ಮೆಟ್ಟಿಲು ಹತ್ತಿದಳು.

ಮಗಳು ಓಡಿ ಬಂದು ಕೈ ಹಿಡಿಯುವವಳೇ ಇದ್ದಳು. ಆದರೆ ಅವಳೂ ಆ ತಾಯಿಯ ಮಗಳೇ ತಾನೆ? ಮುಖ ಬಿಗಿ ಮಾಡಿಕೊಂಡು, “ಬನ್ನಿ ಅಮ್ಮಾವ್ರೆ, ಏನು ಕೊಡಲಿ?” ಅಂದಳು.

“ಸೋರದ್ದು ಕೊಡು.”

“ಕೊಡತಿ ಒಲೆಗೆ ಹಾಕಬೇಕಾಗುತ್ತೆ. ನೀನೇ ಹೇಳಿದ್ದು.”

“ಕೊಡತಿ ಬೇಕೇ ಇವತ್ತು. ಆ ಮಾತು ಹಟದ್ದು, ಇದು ಛಲ. ಹಟಕ್ಕೆ ತಾನು ಗೆಲ್ಲಬೇಕು, ಛಲಕ್ಕೆ ಕೆಲಸ ಗೆಲ್ಲಬೇಕು. ಹೂಂ, ತೆಗಿ.”

ಮಗಳು ಬಗ್ಗಿ ಕೆಳಗಿನ ಕಪಾಟಿನಿಂದ ನೀರಿನ ಪೈಪಿನ ಬಿಳಿ ತುಂಡು ತೆಗೆದಳು. ಕೈ ಬೆರಳಿನಷ್ಟು ದಪ್ಪ, ಗಟ್ಟಿ. “ಇದು ಬಗ್ಗಲ್ಲ, ಬೆವರೂ ಕುಡಿಯಲ್ಲ. ಆದ್ರೆ ರಿವೆಟ್ ಹೊಡೀಬೇಡ, ಸೀಳುತ್ತೆ.”

“ರಿವೆಟ್ ಸಾವಾಸ ಸಾಕು. ತಗಡಿನ ಬಳೆ ಮಾಡಿ ಮುಚ್ಚಳದ ಮೇಲೆ ಬೆಸುಗೆ ಹಾಕ್ತೀನಿ. ಪೈಪು ಅದರೊಳಗೆ ಬಿಗಿಯಾಗಿ ಕೂರಬೇಕು. ಬೆಂಕಿಗೆ ಹಿಡಿದು ಮೆತ್ತಗೆ ಮಾಡಲಾ?”

“ಅಯ್ಯೋ, ಬೆಂಕಿಗೆ ಹಿಡಿದ್ರೆ ಸುಟ್ಟು ನಾರುತ್ತೆ. ಕುದಿಯೋ ನೀರಲ್ಲಿ ಅದ್ದು. ಮೆತ್ತಗಾಗುತ್ತೆ. ಒತ್ತಿ ಕೂರಿಸಿ ತಣ್ಣಗಾಗೋಕೆ ಬಿಡು, ಕಚ್ಕೊಂಡುಬಿಡುತ್ತೆ.”

ತಾಯಿ ಮಗಳ ಮುಖ ನೋಡಿದಳು. “ನಿಂಗೂ ಕಸುಬು ಗೊತ್ತು ಹಾಗಾದ್ರೆ.”

ಹೊಗಳುವುದರಲ್ಲಿ ತಗಡಕ್ಕನೂ ಅಪ್ಪನ ಮಗಳೇ. ಆದರೆ ಮಗಳು ಆ ಮಾತು ಕೇಳಿ ಸ್ಟವ್ ಹಚ್ಚಲು ಹೋದವಳು, ಬೆಂಕಿಪೊಟ್ಟಣ ಕೈಯಲ್ಲೇ ಇದ್ದರೂ ಸುತ್ತಮುತ್ತ ಹುಡುಕಿದಳು.

ತಗಡಕ್ಕ ಈಚೆ ಬಂದು ಮರದ ಹಿಡಿ ಕಿತ್ತು, ಬಳೆ ಸುತ್ತಿ ಬೆಸುಗೆ ಹಾಕಿ, ತಳ ಸಮ ಇದೆಯೇ ಅಂತ ಅಡಿಗಲ್ಲಿನ ಮೇಲಿಟ್ಟು ಮುಟ್ಟಿ ನೋಡಿ, ಮತ್ತೆ ರಸ್ತೆ ದಾಟಿದಳು. ಎರಡನೆಯ ಸಲಕ್ಕೆ ಟೀ ಅಂಗಡಿಯವನು ತಲೆಯೆತ್ತಲಿಲ್ಲ. ಪೈಪು ಕುದಿನೀರಲ್ಲಿ ಮೆತ್ತಗಾಯಿತು, ಬಳೆಯೊಳಗೆ ಕೂತಿತು, ತಣ್ಣಗಾಗಿ ಕಚ್ಚಿಕೊಂಡಿತು. ಮಗಳು ಎಳೆದು ನೋಡಿದಳು, ತಾಯಿ ಎಳೆದು ನೋಡಿದಳು. ಒದ್ದೆಯನ್ನೆಲ್ಲ ಒರೆಸಿ, ಬಿಸಿಲಲ್ಲಿಟ್ಟು ಒಣಗಿಸಿದರು. ಅಂಗಡಿಯ ಮೇಜಿನ ಮೇಲೆ ಹಲಗೆ ಇಟ್ಟು ಮಗಳೇ ಉಜ್ಜಿದಳು.

“ಅತ್ತೆ ಕೂತಳು” ಅಂತ ತಗಡಕ್ಕ ಮುಚ್ಚಳ ಇಟ್ಟಳು. “ಹಿತ್ತಲ ಬಾಗಿಲು ತೆಗೆದೆ.” ಬೆರಳು ಮುಟ್ಟಿಸಿದಳು. “ಹಾಕಿದೆ.” ಬೆರಳು ತೆಗೆದಳು. ಬಿಳಿ ಹಿಡಿ ಹಿಡಿದು ಮುಚ್ಚಳ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

“ಮುಟ್ಟಮ್ಮಾ!”

“ತಡಿ. ಸೋರುತ್ತೋ ನೋಡೋಣ.”

ಒಣ ಕಲ್ಲಿನ ಮೇಲೆ ನೀರು ತುಂಬಿದ ಡಬ್ಬ ಇಟ್ಟು ಕಾಯುವವಳ ಹಾಗೆ ಕಾದಳು. ಇದೇನು ಪೂರಾ ಸಪ್ಪೆ ಆಟ ಅಂದುಕೊಂಡ ಗುಜರಿಯವನು, “ಅಕ್ಕಾ, ಇದರಲ್ಲಿ ಎಂಥ ಕಿಡಿ, ತನ್ನಿ, ಇದನ್ನೂ ತೂಕಕ್ಕೆ ಹಾಕೋಣ” ಅಂತ ಮುಚ್ಚಳಕ್ಕೆ ಕೈ ಚಾಚಿದ.

ಚಟ್!

ನೀಲಿ ಗೆರೆಯೊಂದು ಹಾರಿ ಅವನ ಬೆರಳಿಗೆ ಕಚ್ಚಿತು. ಅವನು “ಅವ್ವಾ!” ಅಂತ ಹಿಂದಕ್ಕೆ ನೆಗೆದು ಬಕೆಟ್ಟುಗಳ ಗೋಪುರಕ್ಕೆ ಒರಗಿದ. ಕೆಂಪು, ನೀಲಿ, ಹಳದಿ, ಎಲ್ಲಾ ದಡದಡ ಉರುಳಿ ರಸ್ತೆಗೆ ಇಳಿದವು. ಒಂದು ಅವನ ತಲೆಯ ಮೇಲೇ ಕೂತಿತು.

“ಸೋರಿಲ್ಲ!” ಅಂದಳು ತಗಡಕ್ಕ.

ಮಗಳು ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಗುಜರಿಯವನು ಬಕೆಟ್ಟು ತೆಗೆದು, ಬೆರಳು ಊದಿಕೊಳ್ಳುತ್ತ, “ಅಕ್ಕಾ, ಅಡಿಗಲ್ಲು ಬೇಡ, ಏನೂ ಬೇಡ. ಅದರಲ್ಲಿ ಏನು ತುಂಬಿಟ್ಟಿದ್ದೀರೋ ಯಾರಿಗೆ ಗೊತ್ತು” ಅಂತ ಹಗ್ಗ ಸುತ್ತಿಕೊಂಡು ಗಾಡಿ ತಳ್ಳಿದ.

ಸೋಮವಾರ ಮೇಡಂ ಬಂದಾಗ ಮಿಕ್ಕ ಮುಚ್ಚಳಗಳೂ ಬಿಳಿ ಹಿಡಿ ಹಾಕಿಸಿಕೊಂಡು ಸಾಲಾಗಿ ಕಾದಿದ್ದವು. ಒಂದನ್ನು ಎತ್ತಿ ಕಿಡಿ ನೋಡಿ ಮೇಡಂ ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು.

“ಒಂದು ಮಾತು ಮೇಡಂ” ಅಂದಳು ತಗಡಕ್ಕ. “ಹಲಗೆ ಒಂದು ಸಲ ಉಜ್ಜಿದ್ರೆ ಎಷ್ಟು ಸಲ ಎತ್ತಿದ್ರೂ ಕಿಡಿ ಬರುತ್ತಲ್ಲ, ಹಲಗೆ ತನ್ನದನ್ನ ಕೊಡ್ತಾ ಇಲ್ಲ ಅಂದ್ಮೇಲೆ ಈ ಕಿಡಿ ಯಾರದು?”

“ಎತ್ತೋರದು ಅಮ್ಮಾ. ಋಣಕ್ಕೂ ಧನಕ್ಕೂ ಒಂದಕ್ಕೊಂದು ಸೆಳೆತ. ಹಲಗೆ ಧನಾನ ಬಿಗಿ ಹಿಡ್ಕೊಂಡಿರುತ್ತೆ. ಅದನ್ನ ಬಿಡಿಸಿ ಮೇಲೆ ಎತ್ತೋಕೆ ಕೈ ದುಡೀಬೇಕು. ಆ ದುಡಿಮೆಯೇ ಕಿಡಿ ಆಗೋದು.”

“ಹಾಗನ್ನಿ” ಅಂದು ತಗಡಕ್ಕ ತನ್ನ ಬಲಗೈಯನ್ನು ಮಡಚಿ ಬಿಚ್ಚಿ ನೋಡಿಕೊಂಡಳು.

ಮೇಡಂ ಹೋದ ಮೇಲೆ ಅವಳು ಬೇರೊಂದು ತಗಡಿನ ಹಾಳೆ ಬಿಡಿಸಿ ಅಡಿಗಲ್ಲಿನ ಮೇಲೆ ಹಾಸಿದಳು. ಪಕ್ಕದ ಸ್ಕೂಲಿನವರೂ ಕೇಳಿ ಕಳಿಸಿದ್ದರು. ರಸ್ತೆಯ ಆಚೆಯಿಂದ ಮಗಳು ಕೂಗಿದಳು, “ಅಮ್ಮಾ, ಪೈಪು ಕೊಯ್ದು ಇಡಲಾ?”

“ಇಡು. ನಾನೇ ಬಂದು ತಗೊಂಡು ಹೋಗ್ತೀನಿ” ಅಂದಳು ತಗಡಕ್ಕ. ಆಮೇಲೆ ಕೊಡತಿ ಎತ್ತಿದಳು.